ನಾಲ್ಕನೇ ಮಳೆಗಾಲಕ್ಕೆ ಯಾರು ಬರುತ್ತಾರೆ?

ಹೋದ ಜುಲೈನಲ್ಲಿ ಹೊಸನಗರದ ಕಡೆಯ ಒಂದು ಸರ್ಕಾರಿ ಶಾಲೆಗೆ ಹೋಗಿದ್ದೆ. ಮಳೆ ಹಿಡಿದು ವಾರವಾಗಿತ್ತು. ಕರೆಂಟ್ ಹೋಗಿ ನಾಲ್ಕು ದಿನ. ಐದನೇ ತರಗತಿಯ ಗೋಡೆಯಲ್ಲಿ ಏನೋ ದೊಡ್ಡದನ್ನು ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದರು. ನೋಡಿದರೆ ಸ್ಮಾರ್ಟ್ ಬೋರ್ಡ್. ಥಂಡಿ ಹಿಡಿಯಬಾರದು ಅಂತ ಸೀರೆ. ಪಕ್ಕದಲ್ಲಿ ನೀಲಿ ಬಣ್ಣದಲ್ಲಿ ಕೊಟ್ಟ ಕಂಪನಿಯ ಹೆಸರು, ಇಸವಿ. ಯುಪಿಎಸ್ ಬ್ಯಾಟರಿ ಕೈಕೊಟ್ಟು ವರ್ಷದ ಮೇಲಾಗಿತ್ತು. ಬೋರ್ಡ್ ಕೂರಿಸಲು ಬಂದವರು ಒಂದು ಫೋನ್ ನಂಬರ್ ಬರೆದು ಕೊಟ್ಟಿದ್ದರಂತೆ. ಆ ನಂಬರಿನವರು ಈಗ ಆ ಕೆಲಸದಲ್ಲೇ ಇಲ್ಲ. ಮೇಷ್ಟ್ರಿಗೆ ಸಿಟ್ಟೇನೂ ಇರಲಿಲ್ಲ. "ಎಂಥ ಮಾಡೋದು ಮಾರಾಯ್ರೆ, ಕೊಟ್ಟವರನ್ನ ಬೈಯೋಕಾಗುತ್ತಾ?" ಅಂದರು.

ಬೈಯೋದು ಬೇಡ. ಆದರೆ ಆ ಬೋರ್ಡ್ ಅಲ್ಲಿಗೆ ಹೇಗೆ ಬಂತು, ಬಂದ ಮೇಲೆ ಯಾಕೆ ಅನಾಥವಾಯಿತು ಅಂತ ನೋಡಬಹುದಲ್ವಾ? ಮಲೆನಾಡಿನಲ್ಲಿ ಇಂಥ ಅನಾಥ ವಸ್ತುಗಳು ಜಾಸ್ತಿ ಇವೆ. ನಿಂತುಹೋದ ಶುದ್ಧ ನೀರಿನ ಘಟಕ, ಉರಿಯದ ಸೋಲಾರ್ ಬೀದಿದೀಪ, ಬೀಗ ಹಾಕಿದ ಶೌಚಾಲಯ. ಎಲ್ಲವನ್ನೂ ಕಂಪನಿಗಳೇ ಕೊಟ್ಟವು ಅಂತಲ್ಲ, ಸರ್ಕಾರದ್ದೂ ಇವೆ. ಆದರೆ ಸರ್ಕಾರದ್ದು ಕೆಟ್ಟರೆ ಪಂಚಾಯಿತಿಗೆ ಹೋಗಿ ಪಿಡಿಒ ಹತ್ತಿರ ಜಗಳ ಆಡಬಹುದು. ಕಂಪನಿಯದ್ದು ಕೆಟ್ಟರೆ ಯಾರ ಹತ್ತಿರ ಆಡೋದು?

ಮೊದಲು ಕಾನೂನು ನೋಡೋಣ. ಎಲ್ಲರೂ ಸಿಎಸ್ಆರ್ ಅಂತ ಕರೆಯುವ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ 2013ರ ಕಂಪನಿ ಕಾಯ್ದೆಯ 135ನೇ ಕಲಂನಿಂದ ಬಂದದ್ದು. 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ ಕಂಪನಿಯ ನಿವ್ವಳ ಮೌಲ್ಯ 500 ಕೋಟಿ ರೂಪಾಯಿ, ಇಲ್ಲವೇ ವಹಿವಾಟು 1000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಮುಟ್ಟಿದ್ದರೆ ಅದು ಈ ಕಲಂನೊಳಗೆ ಬರುತ್ತದೆ. ಬಂದರೆ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸ ಅನ್ನುವುದಕ್ಕೆ ಏಳನೇ ಅನುಸೂಚಿಯಲ್ಲಿ ಪಟ್ಟಿ ಇದೆ. ಹಸಿವು, ಆರೋಗ್ಯ, ಕುಡಿಯುವ ನೀರು, ಶಿಕ್ಷಣ, ಪರಿಸರ, ಗ್ರಾಮೀಣಾಭಿವೃದ್ಧಿ ಹೀಗೆ. ಮೊದಮೊದಲು ಇದು "ಮಾಡಿ, ಮಾಡದಿದ್ದರೆ ಯಾಕೆ ಮಾಡಲಿಲ್ಲ ಅಂತ ಹೇಳಿ" ಅನ್ನುವ ಧಾಟಿಯಲ್ಲಿತ್ತು. 2021ರ ಜನವರಿಯಿಂದ ದಂಡವೂ ಬಂತು. ಖರ್ಚಾಗದೆ ಉಳಿದ ಹಣವನ್ನು ಇಟ್ಟುಕೊಳ್ಳುವ ಹಾಗಿಲ್ಲ. ಬೇರೆ ಖಾತೆಗೋ ಕೇಂದ್ರದ ನಿಧಿಗೋ ಹಾಕಲೇಬೇಕು. 2022-23ರಲ್ಲಿ ದೇಶದ ಕಂಪನಿಗಳು ಈ ಲೆಕ್ಕದಲ್ಲಿ ಖರ್ಚು ಮಾಡಿದ್ದು ಸುಮಾರು 30 ಸಾವಿರ ಕೋಟಿ ರೂಪಾಯಿ. ಸಣ್ಣ ದುಡ್ಡಲ್ಲ.

ಈ ದುಡ್ಡು ಘಟ್ಟ ಹತ್ತಿ ನಮ್ಮ ಕಡೆ ಯಾಕೆ ಅಷ್ಟಾಗಿ ಬರುವುದಿಲ್ಲ?

ಕಾಯ್ದೆ ಒಂದು ಮಾತು ಹೇಳುತ್ತದೆ: ಕಂಪನಿ ತಾನು ಕೆಲಸ ಮಾಡುವ ಸ್ಥಳಕ್ಕೆ, ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು. ಓದಲು ಚೆನ್ನಾಗಿದೆ. ಆದರೆ ಇದು ಕಡ್ಡಾಯವಲ್ಲ, ಸೂಚನೆ ಮಾತ್ರ ಅಂತ ಕೇಂದ್ರ ಸರ್ಕಾರವೇ 2021ರಲ್ಲಿ ಬಿಡಿಸಿ ಹೇಳಿದೆ. ಪಾಲಿಸಿದರೂ ನಮಗೆ ಸಿಗುವುದು ಅಷ್ಟಕ್ಕಷ್ಟೇ. ದೊಡ್ಡ ಕಂಪನಿಗಳ ಕಚೇರಿ ಇರುವುದು ಬೆಂಗಳೂರಿನಲ್ಲಿ, ಸುತ್ತಮುತ್ತ ಅಂದರೂ ಬೆಂಗಳೂರೇ. ಶಿವಮೊಗ್ಗ ಜಿಲ್ಲೆಯಲ್ಲಿ ಇರುವುದು ಫೌಂಡ್ರಿಗಳು, ಅಕ್ಕಿ ಗಿರಣಿಗಳು, ಗಾರ್ಮೆಂಟ್ಸ್, ಮಾಚೇನಹಳ್ಳಿಯ ಸಣ್ಣ ಮಧ್ಯಮ ಘಟಕಗಳು. ಎಷ್ಟೋ ಘಟಕಗಳು ಪಾಲುದಾರಿಕೆ ಸಂಸ್ಥೆಗಳು, ಕಂಪನಿಗಳೇ ಅಲ್ಲ. ಕಂಪನಿಯಾಗಿದ್ದು, ಸರಾಸರಿ 6 ಕೋಟಿ ಲಾಭ ಮಾಡಿದರೂ ಶೇ 2 ಅಂದರೆ 12 ಲಕ್ಷ. ಅಷ್ಟರಲ್ಲಿ ಒಂದೆರಡು ಶಾಲೆಯ ಕೆಲಸ ಆಗುತ್ತದೆ, ಅಷ್ಟೇ. ಇನ್ನೊಂದು ವಿಷಯ. ಖರ್ಚಿನ ಹೊಣೆ 50 ಲಕ್ಷ ದಾಟದಿದ್ದರೆ ಪ್ರತ್ಯೇಕ ಸಿಎಸ್ಆರ್ ಸಮಿತಿಯೂ ಬೇಡ, ನಿರ್ದೇಶಕ ಮಂಡಳಿಯೇ ತೀರ್ಮಾನ ಮಾಡಬಹುದು. ಅಂದರೆ ನಾಲ್ಕು ಜನ ಕೂತು, ಮಾರ್ಚ್ ಹತ್ತಿರ ಬಂದಾಗ, ಯಾರ ಪತ್ರ ಮೇಜಿನ ಮೇಲಿದೆಯೋ ಅವರಿಗೆ ಕೊಡುತ್ತಾರೆ. ಪತ್ರ ಬರೆಸುವ ತಾಕತ್ತು ಯಾವ ಶಾಲೆಗಿದೆ? ಪೇಟೆ ಶಾಲೆಗೆ. ಹಿನ್ನೀರಿನ ಆಚೆಯ ಶಾಲೆಗಲ್ಲ.

ಮಲೆನಾಡಿನ ದುಡ್ಡು ನಿಜವಾಗಿ ಓಡಾಡುವುದು ಸಹಕಾರ ಸಂಘಗಳಲ್ಲಿ. ಅಡಿಕೆಗೆ ಮ್ಯಾಮ್ಕೋಸ್, ಹಾಲಿಗೆ ಶಿಮುಲ್, ಸಾಲಕ್ಕೆ ಊರೂರಿನ ಸೊಸೈಟಿ. ಇವು ಸಹಕಾರ ಕಾಯ್ದೆಯಡಿ ನೋಂದಣಿಯಾದವು. 135ನೇ ಕಲಂ ಇವಕ್ಕೆ ತಾಗುವುದಿಲ್ಲ. ಇದನ್ನು ಕೊರತೆ ಅಂತ ನಾನು ಹೇಳುವುದಿಲ್ಲ. ಸೊಸೈಟಿಯ ಲಾಭ ಬೆಳೆಗಾರನಿಗೇ ವಾಪಸ್ ಬರುವ ದಾರಿ ಬೇರೆ ಇದೆ. ಸರ್ವ ಸದಸ್ಯರ ಸಭೆಯಲ್ಲಿ ಎದ್ದು ನಿಂತು "ನಮ್ಮ ಕಡೆಗೆ ಏನು ಮಾಡಿದಿರಿ" ಅಂತ ಕೇಳುವ ಹಕ್ಕು ಅಲ್ಲಿನ ಸದಸ್ಯನಿಗಿದೆ. ಕಂಪನಿ ಬೋರ್ಡ್ ಕೊಟ್ಟ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೆ ಅಂಥ ಹಕ್ಕಿಲ್ಲ.

ಇಲ್ಲಿ ಭದ್ರಾವತಿಯ ಕತೆ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. 1923ರಲ್ಲಿ ಅಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿತು. ಹಿಂದೆ ಇದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು, ಸರ್ ಎಂ. ವಿಶ್ವೇಶ್ವರಯ್ಯ. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ, ನಮ್ಮ ಬಾಯಲ್ಲಿ ಎಂಪಿಎಂ, ಹುಟ್ಟಿತು. ಆಗ ಸಿಎಸ್ಆರ್ ಅನ್ನುವ ಪದವೇ ಇರಲಿಲ್ಲ. ಕ್ವಾರ್ಟರ್ಸ್ ಇತ್ತು, ಆಸ್ಪತ್ರೆ ಇತ್ತು, ಶಾಲೆ ಇತ್ತು, ಆಟದ ಮೈದಾನ ಇತ್ತು. ಇವತ್ತಿನ ನಿಯಮದ ಪ್ರಕಾರ ನೋಡಿದರೆ ಇದರಲ್ಲಿ ದೊಡ್ಡ ಭಾಗ ಸಿಎಸ್ಆರ್ ಲೆಕ್ಕಕ್ಕೆ ಬರುವುದೇ ಇಲ್ಲ. ಕಂಪನಿ ತನ್ನ ಕೆಲಸಗಾರರಿಗಾಗಿಯೇ ಮಾಡಿದ್ದು ಈ ಲೆಕ್ಕದಿಂದ ಹೊರಗೆ. ಆದರೆ ಭದ್ರಾವತಿ ಅನ್ನುವ ಊರು ಊರಾದದ್ದು ಆ ಸಂಬಳದಿಂದ. ತಿಂಗಳ ಮೊದಲ ವಾರದಲ್ಲಿ ದಿನಸಿ ಅಂಗಡಿ, ಬಟ್ಟೆ ಅಂಗಡಿ, ಸಿನಿಮಾ ಟಾಕೀಸು ಎಲ್ಲ ತುಂಬುತ್ತಿದ್ದವು. ಕಾರ್ಖಾನೆ ಊರಿಗೆ ಏನು ಕೊಟ್ಟಿತು ಅಂತ ಬೋರ್ಡ್ ಬರೆಸುವ ಅಗತ್ಯ ಯಾರಿಗೂ ಇರಲಿಲ್ಲ.

ತಗೊಂಡದ್ದೂ ಇತ್ತು, ಅದನ್ನೂ ಹೇಳಬೇಕು. ಕಾಗದಕ್ಕೆ ಮರ ಬೇಕು. ಎಂಪಿಎಂ ಹೆಸರಲ್ಲಿ ಮಲೆನಾಡಿನ ಗುಡ್ಡಗಳಲ್ಲಿ ಅಕೇಶಿಯಾ ನೆಟ್ಟರು. ಕಾರ್ಖಾನೆ ಕಳೆದ ದಶಕದಲ್ಲಿ ನಿಂತುಹೋಯಿತು. ಅಕೇಶಿಯಾ ನಿಂತಿದೆ. ಅದರ ಬುಡದಲ್ಲಿ ಹುಲ್ಲು ಹುಟ್ಟುವುದಿಲ್ಲ, ದನ ಅತ್ತ ಹೋಗುವುದಿಲ್ಲ ಅಂತ ಹಳ್ಳಿಗಳಲ್ಲಿ ಈಗಲೂ ಬೈಯುತ್ತಾರೆ. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಆಮೇಲೆ ಉಳಿಸುವ ಮಾತುಗಳೂ ಬಂದಿವೆ. ಅದು ಏನಾದರೂ ಆಗಲಿ, ಒಂದು ಲೆಕ್ಕ ಮಾತ್ರ ಗೊತ್ತಾಗುತ್ತದೆ. ಸಿಎಸ್ಆರ್ ಲಾಭದ ಬಾಲ ಹಿಡಿದುಕೊಂಡು ಹೋಗುವ ದುಡ್ಡು. ಮೂರು ವರ್ಷ ಸರಾಸರಿ ನಷ್ಟವಾದರೆ ಕೊಡಬೇಕಾದದ್ದು ಸೊನ್ನೆ. ಊರಿಗೆ ಕಷ್ಟ ಬರುವ ಹೊತ್ತಿಗೇ ಆ ದುಡ್ಡೂ ನಿಲ್ಲುತ್ತದೆ.

ಈಗ ಮತ್ತೆ ಬೋರ್ಡ್ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನನ್ನ ಮಟ್ಟಿಗೆ ಗಂಟು ಇರುವುದು ಅಲ್ಲೇ.

ಒಂದು ವರ್ಷದಲ್ಲಿ ಮುಗಿಯದ ಕೆಲಸಕ್ಕೆ ನಿಯಮದಲ್ಲಿ 'ಮುಂದುವರಿಯುವ ಯೋಜನೆ' ಅನ್ನುವ ಅವಕಾಶ ಇದೆ. ಶುರುವಾದ ಹಣಕಾಸು ವರ್ಷ ಬಿಟ್ಟು ಮುಂದಿನ ಮೂರು ವರ್ಷ. ಅಲ್ಲಿಗೆ ಮುಗಿಯಬೇಕು. ಸಾಮಾನ್ಯವಾಗಿ ಇಂಥ ಕೆಲಸ ಶುರುವಾಗುವುದು ಜನವರಿ, ಫೆಬ್ರವರಿಯಲ್ಲಿ. ಮಾರ್ಚ್ 31 ಹತ್ತಿರ ಬಂದಾಗಲೇ ಎಲ್ಲರಿಗೂ ಸಮಾಜ ನೆನಪಾಗೋದು! ಫೆಬ್ರವರಿಯಲ್ಲಿ ಶುರುವಾದರೆ ಯೋಜನೆಯ ಅವಧಿಯಲ್ಲಿ ಬರುವುದು ಮೂರೇ ಮಳೆಗಾಲ. ಬ್ಯಾಟರಿ ಸಾಯುವುದು, ಪೈಪ್ ತುಕ್ಕು ಹಿಡಿಯುವುದು, ತಗಡು ಹಾರುವುದು ಹೆಚ್ಚಾಗಿ ನಾಲ್ಕನೆಯದರಲ್ಲಿ. ಇದು ನನ್ನ ಕಣ್ಣಳತೆ, ಅಧ್ಯಯನವಲ್ಲ. ಆದರೆ ಮಲೆನಾಡಿನಲ್ಲಿ ಮನೆ ಕಟ್ಟಿದ ಯಾರನ್ನಾದರೂ ಕೇಳಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ ಬೀಳುತ್ತದೆ. ಬೆಂಗಳೂರಿನ ಆಫೀಸಿನಲ್ಲಿ ಕೂತು "ಐದು ವರ್ಷ ಬಾಳಿಕೆ" ಅಂತ ಬರೆದ ವಸ್ತು ಇಲ್ಲಿ ಬೇರೆ ಲೆಕ್ಕದಲ್ಲಿ ಬಾಳುತ್ತದೆ.

ಮತ್ತೊಂದು ನಿಯಮ. ಸಿಎಸ್ಆರ್ ದುಡ್ಡಲ್ಲಿ ಮಾಡಿದ ಆಸ್ತಿಯನ್ನು ಕಂಪನಿ ತನ್ನ ಹೆಸರಲ್ಲಿ ಇಟ್ಟುಕೊಳ್ಳುವಂತಿಲ್ಲ. ನೋಂದಾಯಿತ ಟ್ರಸ್ಟ್, ಸಂಘಕ್ಕೋ, ಫಲಾನುಭವಿಗಳ ಗುಂಪಿಗೋ, ಸರ್ಕಾರಿ ಸಂಸ್ಥೆಗೋ ಸೇರಬೇಕು. ನಿಯಮ ಸರಿಯಾಗಿಯೇ ಇದೆ, ಇಲ್ಲದಿದ್ದರೆ ಸಮಾಜದ ಹೆಸರಲ್ಲಿ ಕಂಪನಿ ಆಸ್ತಿ ಬೆಳೆಸಿಕೊಳ್ಳುತ್ತಿತ್ತು. ಆದರೆ ಪರಿಣಾಮ ಏನಾಗುತ್ತದೆ? ಬೋರ್ಡ್ ಶಾಲೆಯದ್ದಾಯಿತು, ನೀರಿನ ಘಟಕ ಪಂಚಾಯಿತಿಯದ್ದಾಯಿತು. ರಿಪೇರಿಯೂ ಅವರದ್ದೇ ಆಯಿತು. ಪಂಚಾಯಿತಿ ಕೇಳದೆ ಬಂದ ವಸ್ತುವಿಗೆ ಪಂಚಾಯಿತಿ ದುಡ್ಡು ಹುಡುಕಬೇಕು. ಕಂಪನಿಯ ವಾರ್ಷಿಕ ವರದಿಯಲ್ಲಿ ಮಾತ್ರ ಕೆಲಸ ಮುಗಿದಿದೆ, ಫೋಟೋ ಇದೆ.

ಹಾಗಾದರೆ ಕೆಲಸಗಾರರು? ಕಂಪನಿ ಕೊಡುವುದು ಒಂದು, ಅಲ್ಲಿ ದುಡಿಯುವವರು ಕೊಡುವುದು ಇನ್ನೊಂದು. ಕಾನೂನು ಇವೆರಡನ್ನು ಬೇರೆ ಬೇರೆ ನೋಡುತ್ತದೆ. ನೌಕರರು ಸಿಎಸ್ಆರ್ ಕೆಲಸದಲ್ಲಿ ಕೈಜೋಡಿಸಲಿ ಅಂತ ಸರ್ಕಾರ ಪ್ರೋತ್ಸಾಹ ಕೊಡುತ್ತದೆ. ಆದರೆ ಅವರ ಸಮಯಕ್ಕೆ ಬೆಲೆ ಕಟ್ಟಿ ಆ ಶೇ 2ರಲ್ಲಿ ಸೇರಿಸುವಂತಿಲ್ಲ. ಒಂದು ದಿನ 40 ಜನ ಬಂದು ಶಾಲೆಯ ಕೆಲಸ ಮಾಡಿದರೂ ಲೆಕ್ಕದಲ್ಲಿ ಅದು ಸೊನ್ನೆ, ತಂದ ಬಣ್ಣದ ಡಬ್ಬಿಯ ಬೆಲೆ ಮಾತ್ರ ಖರ್ಚು. ಇದು ಬೇಕಾದ ನಿಯಮವೇ. ಇಲ್ಲದಿದ್ದರೆ ದೊಡ್ಡ ಸಂಬಳದವರ ಒಂದು ದಿನದ ಬೆಲೆಯನ್ನು ಲಕ್ಷಗಟ್ಟಲೆ ತೋರಿಸಿ ಕೈತೊಳೆದುಕೊಳ್ಳುತ್ತಿದ್ದರು. ಆದರೆ ಲೆಕ್ಕಕ್ಕೆ ಬಾರದ್ದರ ಕಡೆ ಕಂಪನಿಯ ಗಮನವೂ ಹೋಗುವುದಿಲ್ಲ ಅನ್ನುವುದು ಇದರ ಇನ್ನೊಂದು ಮುಖ.

ಹಾಗಾಗಿ ನೌಕರರ ಸೇವೆ ಅಂದರೆ ಜೂನ್ 5ರಂದು ಗಿಡ ನೆಡುವುದು ಅಂತಾಗಿದೆ. ಮಲೆನಾಡಿನಲ್ಲಿ ಗಿಡ ನೆಡುವುದು! ನೆಟ್ಟರೆ ತಪ್ಪಿಲ್ಲ. ಆದರೆ ಇಲ್ಲಿ ಖಾಲಿ ಬಿಟ್ಟ ಜಾಗದಲ್ಲಿ ಎರಡು ಮಳೆಗೆ ತಾನೇ ಕಾಡು ಏಳುತ್ತದೆ. ಟೀ ಶರ್ಟ್, ಬ್ಯಾನರ್, ಉಪ್ಪಿಟ್ಟು, ಗ್ರೂಪ್ ಫೋಟೋ ಮುಗಿದರೆ ಸಂಜೆ ಬಸ್ಸು ಹತ್ತುತ್ತಾರೆ. ಇದರಲ್ಲಿ ನನಗೆ ನಿಜವಾಗಿ ಬೇಜಾರಾಗುವುದು ಬೇರೆ ವಿಷಯಕ್ಕೆ. ಕೆಲವು ಕಡೆ ಈ ಸೇವೆ ಭಾನುವಾರ ಇರುತ್ತದೆ. ಬರಲೇಬೇಕು ಅಂತ ಸೂಪರ್‌ವೈಸರ್ ಹೇಳಿರುತ್ತಾನೆ. ವಾರಕ್ಕೆ ಒಂದೇ ರಜೆ ಇರುವ ಹೆಣ್ಣುಮಗಳು, ಬೆಳಿಗ್ಗೆ ಆರಕ್ಕೇ ಕಂಪನಿ ಬಸ್ಸು ಹಿಡಿದು ಹೊಲಿಗೆ ಯಂತ್ರದ ಮುಂದೆ ಕೂರುವವಳು, ಆ ಒಂದು ದಿನವನ್ನೂ ಸಮಾಜಕ್ಕೆ ಕೊಡಬೇಕಂತೆ. ಅವಳೇ ಸಮಾಜ ಅಲ್ವಾ? 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಕೂಸಿನ ಮನೆ ಇರಬೇಕು ಅಂತ ಕಾನೂನೇ ಹೇಳುತ್ತದೆ. ಅದು ದಾನವಲ್ಲ, ಅವಳ ಹಕ್ಕು. ಆ ಕೂಸಿನ ಮನೆ ಚೆನ್ನಾಗಿ ನಡೆದರೆ ಎಷ್ಟೋ ಹಳ್ಳಿಗಳಿಗೆ ಉಪಕಾರ. ವರದಿಯಲ್ಲಿ ಅದಕ್ಕೆ ಫೋಟೋ ಇರುವುದಿಲ್ಲ.

ಮಲೆನಾಡಿಗೆ ಒಬ್ಬರಿಗೊಬ್ಬರು ಕೈ ಕೊಡುವುದು ಹೊಸದಲ್ಲ. ನಾಟಿಗೆ, ಅಡಿಕೆ ಕೊಯ್ಲಿಗೆ ಮುಯ್ಯಾಳು ಅನ್ನುವ ಪದ್ಧತಿ ಇತ್ತು, ಈಗಲೂ ಅಲ್ಲಲ್ಲಿ ಇದೆ. ಇವತ್ತು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಕೂಲಿ ಇಲ್ಲ, ಲೆಕ್ಕ ಮಾತ್ರ ಪಕ್ಕಾ. ಮಳೆಗೆ ಮುಂಚೆ ಹಳ್ಳಕ್ಕೆ ಕಾಲುಸಂಕ ಹಾಕುವುದೂ ಹೀಗೇ. ಮೇ ತಿಂಗಳ ಕೊನೆಗೆ ಮನೆಗೊಬ್ಬರು ಸೇರುತ್ತಾರೆ. ಅಡಿಕೆ ಮರವನ್ನೋ ಕಾಡುಮರವನ್ನೋ ಅಡ್ಡ ಹಾಕಿ, ಬಳ್ಳಿಯಲ್ಲಿ ಬಿಗಿದು, ಹಿಡಿಯಲು ಒಂದು ಬಿದಿರು ಕಟ್ಟುತ್ತಾರೆ. ಒಂದೆರಡು ಮಳೆಗೆ ಅದು ಕೊಳೆಯುತ್ತದೆ. ಮತ್ತೆ ಹಾಕುತ್ತಾರೆ. ಗಮನಿಸಬೇಕಾದದ್ದು ಏನೆಂದರೆ, ಇಲ್ಲಿ ಕೊಟ್ಟವರು, ದಾಟುವವರು, ರಿಪೇರಿ ಮಾಡುವವರು ಒಂದೇ ಜನ. ಹಾಗಾಗಿ ನಾಲ್ಕನೇ ಮಳೆಗಾಲದ ಪ್ರಶ್ನೆ ಹುಟ್ಟುವುದೇ ಇಲ್ಲ. ಕಷ್ಟ ಅಂದರೆ ಈಗ ಹಳ್ಳಿಗಳಲ್ಲಿ ಮರ ಹೊರುವ ವಯಸ್ಸಿನವರೇ ಇಲ್ಲ. ಅವರೆಲ್ಲ ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಕಂಪನಿ ನೌಕರರಾಗಿದ್ದಾರೆ.

ಅಲ್ಲಿಗೆ ವಿಷಯ ಒಂದು ಸುತ್ತು ಬಂತು. ಕಂಪನಿಗೆ ಮಲೆನಾಡಿನ ಯಾವ ಹಳ್ಳದಲ್ಲಿ ಮಕ್ಕಳು ಎದೆ ನಡುಗಿಸಿಕೊಂಡು ದಾಟುತ್ತಾರೆ ಅಂತ ಗೊತ್ತಿಲ್ಲ. ಆದರೆ ಆ ಹಳ್ಳ ದಾಟಿಯೇ ಶಾಲೆಗೆ ಹೋದ ಒಬ್ಬ ಅವರ ಮೂರನೇ ಮಹಡಿಯಲ್ಲೇ ಕೂತಿರುತ್ತಾನೆ. ಅವನನ್ನು ಯಾರೂ ಕೇಳಿಲ್ಲ. ಲಾಕ್‌ಡೌನ್‌ನಲ್ಲಿ ಇವರೆಲ್ಲ ಊರಿಗೆ ಬಂದು, ಸಿಗ್ನಲ್ ಹುಡುಕಿ ಗುಡ್ಡ ಹತ್ತಿ, ಛತ್ರಿ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡಿದರು. ಊರಿನ ಕಷ್ಟ ಅವರಿಗೆ ಹೊಸದಾಗಿ ಗೊತ್ತಾಗಬೇಕಾಗಿಲ್ಲ. ತಾವು ಓದಿದ ಶಾಲೆ ಮುಚ್ಚಬಾರದು ಅಂತ ವಾಟ್ಸಾಪ್ ಗ್ರೂಪಿನಲ್ಲಿ ದುಡ್ಡು ಒಟ್ಟುಮಾಡಿ, ವ್ಯಾನಿನ ಬಾಡಿಗೆಗೋ ಗೌರವ ಶಿಕ್ಷಕಿಯ ಸಂಬಳಕ್ಕೋ ಕೊಡುವ ಹುಡುಗರು ನನಗೆ ಗೊತ್ತು. ಹೊಸ ತೆರಿಗೆ ಪದ್ಧತಿಯಲ್ಲಿ ದಾನಕ್ಕೆ ರಿಯಾಯಿತಿಯೂ ಇಲ್ಲ, ಆದರೂ ಕೊಡುತ್ತಾರೆ. ಕೆಲವು ದೊಡ್ಡ ಕಂಪನಿಗಳಲ್ಲಿ ನೌಕರ ಒಂದು ರೂಪಾಯಿ ಕೊಟ್ಟರೆ ಕಂಪನಿಯೂ ಒಂದು ರೂಪಾಯಿ ಸೇರಿಸುವ ಕ್ರಮ ಇದೆ. ಚೆನ್ನಾಗಿದೆ. ಅಲ್ಲೊಂದು ತೊಡಕೂ ಇದೆ. ಹೊರಗಿನ ಸಂಸ್ಥೆಯೊಂದು ಕಂಪನಿಯ ಸಿಎಸ್ಆರ್ ದುಡ್ಡು ಪಡೆದು ಕೆಲಸ ಮಾಡಬೇಕಾದರೆ 2021ರಿಂದ ಕೇಂದ್ರದಲ್ಲಿ ನೋಂದಣಿ ಆಗಿರಬೇಕು, ಮೂರು ವರ್ಷ ಇಂಥದ್ದೇ ಕೆಲಸ ಮಾಡಿದ ದಾಖಲೆ ಬೇಕು. ಊರಿನ ಹಳೇ ವಿದ್ಯಾರ್ಥಿ ಸಂಘಕ್ಕೆ, ಯುವಕ ಮಂಡಳಿಗೆ ಇವೆಲ್ಲ ಎಲ್ಲಿಂದ ಬರಬೇಕು? ಹಾಗಾಗಿ ದುಡ್ಡು ನಗರದ ದೊಡ್ಡ ಸಂಸ್ಥೆಗಳ ಕೈಗೆ ಹೋಗುತ್ತದೆ. ಅವರು ತಮಗೆ ಗೊತ್ತಿರುವುದನ್ನು, ಅಂದರೆ ಬೋರ್ಡನ್ನು, ಕೊಡುತ್ತಾರೆ.

ನನಗೆ ಅನ್ನಿಸುವುದು ಹೀಗೆ. ಶಿವಮೊಗ್ಗ, ಭದ್ರಾವತಿ ಅಂದರೆ ಕಬ್ಬಿಣದ ಕೆಲಸ ಬಲ್ಲ ಊರುಗಳು. ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್‌ಗಳಿಗೆ ಬರವಿಲ್ಲ. ಇಂಥ ಘಟಕವೊಂದು ಜೂನ್‌ನ ಗಿಡ ನೆಡುವ ದಿನದ ಬದಲು ಮೇ ತಿಂಗಳಲ್ಲಿ ಎರಡು ದಿನ ಸಂಬಳ ಸಹಿತ ರಜೆ ಕೊಡಲಿ. ಯಾರು ಯಾವ ಊರಿನವರೋ ಆ ಊರಿಗೆ ಹೋಗಲಿ. ಶಾಲೆಯ ವೈರಿಂಗ್, ಅರ್ಥಿಂಗ್, ಬ್ಯಾಟರಿ, ಪಂಪು, ಮಾಡಿನ ತಗಡು ನೋಡಿ ಬರಲಿ. ಕಬ್ಬಿಣದ ಕಾಲುಸಂಕಕ್ಕೆ ಸಾಮಾನಿನ ಖರ್ಚು ಸಿಎಸ್ಆರ್‌ನಲ್ಲಿ ಹಾಕಬಹುದು, ಗ್ರಾಮೀಣಾಭಿವೃದ್ಧಿ ಪಟ್ಟಿಯಲ್ಲೇ ಇದೆ. ನಕ್ಷೆಯನ್ನು ಎಂಜಿನಿಯರ್ ನೋಡಲಿ, ಸಂಕ ಪಂಚಾಯಿತಿಯದ್ದಾಗಲಿ. ಬೆಸುಗೆ ಹಾಕುವ ಕೈಯ ಕೂಲಿ ಮಾತ್ರ ಲೆಕ್ಕಕ್ಕೆ ಬಾರದು, ಅದು ಕಂಪನಿಯ ಗಂಟಿನಿಂದಲೇ ಹೋಗಬೇಕು. ಹೋಗಲಿ ಬಿಡಿ. ಶೇ 2 ಅನ್ನುವುದು ಕಾನೂನಿನ ಬಾಕಿ ತೀರಿಸುವುದು. ಕೊಟ್ಟೆವು ಅಂತ ಹೇಳಿಕೊಳ್ಳಬಹುದಾದದ್ದು ಅದರಾಚೆಗಿನದು. ಗೋಡೆಯ ಮೇಲೆ ಹೆಸರಿನ ಜೊತೆ ಇಸವಿ ಬರೆಸುವ ಬದಲು ರಿಪೇರಿಗೆ ಬಂದ ತಾರೀಕುಗಳನ್ನು ಬರೆಸಿದರೆ ನಾನಂತೂ ಆ ಕಂಪನಿಯನ್ನು ನಂಬುತ್ತೇನೆ.

ಎಲ್ಲ ಕೆಲಸಕ್ಕೂ ಇದು ಹೊಂದುವುದಿಲ್ಲ. ಮಂಗನ ಕಾಯಿಲೆಗೆ ವೆಲ್ಡರ್ ಏನು ಮಾಡಿಯಾನು? 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಕಾಯಿಲೆ, ಇನ್ನೂ ಪ್ರತಿ ಬೇಸಿಗೆಯಲ್ಲಿ ಹೆದರಿಸುತ್ತಿದೆ. ಅದಕ್ಕೆ ಲಸಿಕೆಯ ಸಂಶೋಧನೆ ಬೇಕು, ಆಸ್ಪತ್ರೆ ಬೇಕು, ದೊಡ್ಡ ದುಡ್ಡು ಬೇಕು, ಸರ್ಕಾರ ಬೇಕು. ಶರಾವತಿ ಮುಳುಗಡೆಯವರ ಭೂಮಿ ಹಕ್ಕಿನ ಪ್ರಶ್ನೆಯೂ ಹಾಗೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಆ ಕರೆಂಟಿನಲ್ಲಿ ರಾಜ್ಯದ ಕಾರ್ಖಾನೆಗಳು ಓಡಿದವು. ಮನೆ ಬಿಟ್ಟವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಅದನ್ನು ಶಾಲಾ ಬ್ಯಾಗ್ ಹಂಚಿ ತೀರಿಸಲು ಆಗುವುದಿಲ್ಲ. ಸಿಎಸ್ಆರ್ ಹೆಸರಲ್ಲಿ ಸರ್ಕಾರ ತನ್ನ ಕೆಲಸ ಜಾರಿಸಿಕೊಳ್ಳುವುದನ್ನೂ ನೋಡಿದ್ದೇನೆ. ಶಾಲೆಗೆ ಕೊಠಡಿ ಬೇಕು ಅಂದರೆ "ಯಾವುದಾದರೂ ಕಂಪನಿ ಹಿಡೀರಿ" ಅನ್ನುವ ಅಧಿಕಾರಿಗಳು ಈಗ ಜಾಸ್ತಿ.

ಡಿಸೆಂಬರ್‌ನಲ್ಲಿ ಅದೇ ದಾರಿಯಲ್ಲಿ ಹೋಗುವಾಗ ಮತ್ತೆ ಆ ಶಾಲೆಗೆ ಇಣುಕಿದೆ. ಸೀರೆ ತೆಗೆದಿದ್ದರು. ಬೋರ್ಡ್ ಮೇಲೆ ಭಾರತದ ನಕ್ಷೆ ಇತ್ತು, ಒಬ್ಬಳು ಹುಡುಗಿ ಬೆರಳಲ್ಲಿ ನರ್ಮದೆಯನ್ನು ಹುಡುಕುತ್ತಿದ್ದಳು. ಕಂಪನಿಯವರು ಬಂದಿದ್ದರಾ ಅಂತ ಕೇಳಿದೆ. ಇಲ್ಲವಂತೆ. ಆ ಊರಿನದೇ ಹುಡುಗ, ಐಟಿಐ ಮಾಡಿ ಮಾಚೇನಹಳ್ಳಿಯಲ್ಲಿ ಕೆಲಸದಲ್ಲಿರುವವನು, ದೀಪಾವಳಿಗೆ ಮನೆಗೆ ಬಂದಾಗ ನೋಡಿದನಂತೆ. ಎರಡು ಬ್ಯಾಟರಿಯಲ್ಲಿ ಒಂದು ಪೂರ್ತಿ ಸತ್ತಿತ್ತು. ಇನ್ನೊಂದರಲ್ಲಿ ನೀರು ಬತ್ತಿತ್ತು, ಅಷ್ಟೇ. ಡಿಸ್ಟಿಲ್ಡ್ ವಾಟರ್ ತುಂಬಿಸಿ, ಟರ್ಮಿನಲ್ ಉಜ್ಜಿ, ಚಾರ್ಜಿಗೆ ಹಾಕಿದ. ಈಗ ಕರೆಂಟ್ ಹೋದರೂ ಮುಕ್ಕಾಲು ಗಂಟೆ ಬರುತ್ತದೆ. ನೀರಿನ ಕ್ಯಾನಿನ ದುಡ್ಡು ಮೇಷ್ಟ್ರು ಕೊಟ್ಟರಂತೆ. ಉಳಿದ ನೀರನ್ನು ಮುಂದಿನ ಮೇ ತಿಂಗಳಿಗೆ ಬೇಕಾಗುತ್ತದೆ ಅಂತ ಬೀರುವಿನ ಮೇಲೆ ಎತ್ತಿಟ್ಟಿದ್ದಾರೆ.